ಸುಮ್ನೆ ಒಂದು ಕ್ಲಿಕ್ ಅಲ್ವಾ?

ಇವತ್ತು ಬೆಳ್ಳಂಬೆಳಿಗ್ಗೆ ಮದುಮಗಳ ಚಿಕ್ಕಪ್ಪನ ಫೋನ್. "ಫೋಟೋ ತೆಗೆದಾಯ್ತಲ್ಲ, ಕಳಿಸೋಕೆ ಏನು ಕಷ್ಟ?"

ಏನು ಕಷ್ಟ ಅಂತ ಹೇಳಲಿ ಸ್ವಾಮಿ? ಕಲ್ಯಾಣ ಮಂಟಪದ ನೇರಳೆ ಎಲ್‌ಇಡಿ ಬೆಳಕಿಗೆ ಅರಿಶಿನ ಹಚ್ಚಿದ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿದೆ. ಒಂದು ಕೆನ್ನೆಗೆ ಟ್ಯೂಬ್‌ಲೈಟ್, ಇನ್ನೊಂದಕ್ಕೆ ವಿಡಿಯೋದವರ ಹಳದಿ ಲೈಟ್. ಬಿಳಿ ಬಿಳಿಯಾಗೇ ಕಾಣುವಂತೆ ಬಣ್ಣ ಹೊಂದಿಸೋ ವೈಟ್ ಬ್ಯಾಲೆನ್ಸ್ ಯಾವ ಕೆನ್ನೆಗೆ ಸರಿ ಮಾಡಲಿ? ಧಾರೆ ಹೊತ್ತಿನಲ್ಲಿ ಎಲ್ಲರೂ ಕಣ್ಣು ಬಿಟ್ಟಿರುವ ಒಂದು ಫೋಟೋ ಹುಡುಕುವಷ್ಟರಲ್ಲಿ ನನ್ನ ಕಣ್ಣು ಮುಚ್ಚಿರುತ್ತದೆ. ಎಕ್ಸ್‌ಪೋರ್ಟ್ ಕೊಟ್ಟರೆ ಲ್ಯಾಪ್‌ಟಾಪ್ ಫ್ಯಾನ್ ಇಡೀ ಬೀದಿಗೆ ಕೇಳುವಂತೆ ಕೂಗುತ್ತದೆ. ಡಿಸ್ಕ್ ತುಂಬಿದೆ ಅನ್ನೋ ಸಂದೇಶ 99 ಪರ್ಸೆಂಟಿಗೇ ಯಾಕೆ ಬರಬೇಕು?

ಬೇಡಿಕೆಗಳು ಬೇರೆ. ಅತ್ತೆಯನ್ನು ತೆಳ್ಳಗೆ ಮಾಡಿ. ಹಿಂದೆ ಊಟಕ್ಕೆ ಓಡುತ್ತಿರುವವರನ್ನು ಅಳಿಸಿ. ಮದುವೆಗೇ ಬಾರದ ಭಾವನನ್ನು ಪಕ್ಕದಲ್ಲಿ ನಿಲ್ಲಿಸಿ. (ಕೈಯಲ್ಲಿ ತಾಂಬೂಲದ ಚೀಲವನ್ನೂ ಕೊಡಲಾ?)

ಕ್ಯಾಮೆರಾದ ಕಚ್ಚಾ ಚಿತ್ರ, ಅಂದರೆ 14 ಬಿಟ್ ರಾ ಫೈಲ್‌ನಲ್ಲಿ ಪ್ರತಿ ಬಣ್ಣಕ್ಕೂ 16,384 ಹಂತಗಳು. ಅಷ್ಟನ್ನೂ ತಿದ್ದಿ ತೀಡಿ, ಮಾಮೂಲಿ ಫೋಟೋ ಫೈಲ್ ಆದ ಜೆಪೆಗ್‌ನ 256ಕ್ಕೆ ಇಳಿಸಿ ಕಳಿಸಿದರೆ, ಇವರು ಫೋನಿನಲ್ಲಿ ಸ್ಕ್ರೀನ್‌ಶಾಟ್ ಹೊಡೆದು, ಅರ್ಧ ತಲೆ ಕತ್ತರಿಸಿ, ಗುಲಾಬಿ ಫಿಲ್ಟರ್ ಬಳಿದು ಸ್ಟೇಟಸ್‌ಗೆ ಹಾಕುತ್ತಾರೆ. ನೋಡಿದವರು ಕೇಳುತ್ತಾರೆ: "ಸೂಪರ್! ಯಾವ ಫೋನು?"