ಗುಜರಿಯ ಟಿಸಿಎಂ ಸಿಕ್ಕಿಸಿದರೆ ಗೇರ್ ಸರಿಯಾಗುತ್ತಾ?

"ಆಟೋಮ್ಯಾಟಿಕ್ ಕಾರಿನ ಗೇರ್ ಕೈಕೊಟ್ಟರೆ ಗುಜರಿಯಿಂದ ಟಿಸಿಎಂ ತಂದು ಸಿಕ್ಕಿಸಿ, ಅಷ್ಟೇ ಸಾಕು" ಎನ್ನುವ ಮೆಸೇಜ್ ಓಡಾಡುತ್ತಿದೆ. ಅಷ್ಟೇ ಸಾಕಾಗುವುದಿಲ್ಲ.

ಯಾವಾಗ ಯಾವ ಗೇರ್ ಬೀಳಬೇಕು ಎಂದು ನಿರ್ಧರಿಸುವ ಪುಟ್ಟ ಕಂಪ್ಯೂಟರ್ ಈ ಟಿಸಿಎಂ (ಟ್ರಾನ್ಸ್‌ಮಿಷನ್ ಕಂಟ್ರೋಲ್ ಮಾಡ್ಯೂಲ್). ಬಲ್ಬ್ ಥರ ಬದಲಿಸುವ ವಸ್ತುವಲ್ಲ. ಫೋರ್ಡ್ ಫೋಕಸ್, ಫಿಯೆಸ್ಟಾ ಕಾರುಗಳ 6 ಸ್ಪೀಡ್ ಪವರ್‌ಶಿಫ್ಟ್ ಗೇರ್‌ಬಾಕ್ಸನ್ನೇ ನೋಡಿ. ಅದರಲ್ಲಿ ಎರಡು ಕ್ಲಚ್. ಕ್ಲಚ್ ಎಲ್ಲಿ ಹಿಡಿಯುತ್ತದೆ ಅನ್ನುವುದು ಪ್ರತಿ ಕಾರಿನಲ್ಲೂ ಸ್ವಲ್ಪ ಬೇರೆ. ಸವೆದಂತೆ ಅದೂ ಬದಲಾಗುತ್ತದೆ. ಟಿಸಿಎಂ ಇದನ್ನು ಕಲಿತು ನೆನಪಿಟ್ಟುಕೊಂಡಿರುತ್ತದೆ. ಬೇರೆ ಕಾರಿನ ನೆನಪು ನಿಮ್ಮ ಕಾರಿಗೆ ಹೊಂದಲ್ಲ, ಅಲ್ವಾ?

ಹಾಗಾಗಿ ಬದಲಿಸಿದ ಮೇಲೆ ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ಓದುವ ಸಾಧನ) ಜೋಡಿಸಿ ನಿಮ್ಮ ಕಾರಿನ ಸಾಫ್ಟ್‌ವೇರ್ ಹಾಕಬೇಕು. ಕ್ಲಚ್ ಅಳತೆಯನ್ನು ಹೊಸದಾಗಿ ಕಲಿಸಬೇಕು. ಇಲ್ಲದಿದ್ದರೆ ಗಾಡಿ ಜರ್ಕ್ ಹೊಡೆಯಬಹುದು, ಸ್ಟಾರ್ಟ್ ಆಗದೆಯೂ ಇರಬಹುದು.

ಅಮೆರಿಕದಲ್ಲಿ ಈ ಕಾರುಗಳ ಟಿಸಿಎಂ ಜಾಸ್ತಿ ಕೆಟ್ಟಾಗ, ಫೋರ್ಡ್ ಅದರ ವಾರಂಟಿಯನ್ನು 10 ವರ್ಷ ಅಥವಾ 1,50,000 ಮೈಲಿಗೆ ಹೆಚ್ಚಿಸಿತ್ತು.

ಇನ್ನೊಂದು ಮಾತು. ಬ್ಯಾಟರಿ ವೀಕ್ ಆದರೂ, ಅರ್ಥಿಂಗ್ ಸಡಿಲವಾದರೂ, ಕನೆಕ್ಟರ್‌ಗೆ ನೀರು ಹೋದರೂ ಇದೇ ಲಕ್ಷಣ ಕಾಣಿಸಬಹುದು. ದಯವಿಟ್ಟು ಮೊದಲು ಅವನ್ನು ನೋಡಿಸಿ.