ಕಾಗದದ ಹೆರಿಗೆ

ನಮ್ಮ ಕಾಸರಗೋಡಿನ ಕಡೆ ಅತ್ಯಂತ ಸುಸೂತ್ರವಾಗಿ ಆಗುವ ಹೆರಿಗೆ ಕಾಗದದ ಮೇಲಿನದು. ಅದಕ್ಕೆ ನೋವಿಲ್ಲ, ರಕ್ತಸ್ರಾವವಿಲ್ಲ, ಹೊತ್ತುಗೊತ್ತಿನ ಹಂಗಿಲ್ಲ. ಮಗು ಹುಟ್ಟಿ, ತೂಕ ನೋಡಿ, ಹೊರಗೆ ಕಾದವರಿಗೆ ಗಂಡೋ ಹೆಣ್ಣೋ ಹೇಳಿ, ಸಿಸ್ಟರ್ ಒಂದು ಗ್ಲಾಸು ಚಾ ಕೈಗೆತ್ತಿಕೊಂಡ ಮೇಲೆ ಅದು ಶುರುವಾಗುತ್ತದೆ. ಚಾ ಆರುವುದರೊಳಗೆ ಮುಗಿಯುತ್ತದೆ.

ಈ ಕಾಗದಕ್ಕೆ ಪಾರ್ಟೋಗ್ರಾಫ್ ಎಂದು ಹೆಸರು. ನೋವು ತಿನ್ನುತ್ತಿರುವವಳ ಗರ್ಭಕಂಠ ಎಷ್ಟು ಸೆಂಟಿಮೀಟರ್ ತೆರೆದಿದೆ, ಮಗುವಿನ ಎದೆಬಡಿತ ಎಷ್ಟು, ತಾಯಿಯ ಬಿಪಿ ಎಷ್ಟು ಎಂದು ಆಗಾಗ ನೋಡಿ, ನೋಡಿದ ಹಾಗೆಯೇ ಗುರುತು ಹಾಕುತ್ತ ಹೋಗುವ ನಕ್ಷೆ. 1950ರ ದಶಕದಲ್ಲಿ ಅಮೆರಿಕದ ಫ್ರೀಡ್‌ಮನ್ ಎಂಬ ಡಾಕ್ಟರು ಇದರ ಮೊದಲ ವಕ್ರರೇಖೆ ಎಳೆದರು. 1972ರಲ್ಲಿ ಅಂದಿನ ರೊಡೇಷಿಯಾದ ಫಿಲ್ಪಾಟ್ ಮತ್ತು ಕಾಸಲ್ ಅದಕ್ಕೆ ಎರಡು ಗೆರೆ ಸೇರಿಸಿದರು. ಒಂದು ಗೆರೆ ದಾಟಿದರೆ ಎಚ್ಚರ, ಇನ್ನೊಂದು ದಾಟಿದರೆ ಏನಾದರೂ ಮಾಡಲೇಬೇಕು. ಡಾಕ್ಟರಿಲ್ಲದ ದೂರದ ಕ್ಲಿನಿಕ್ಕಿನಲ್ಲಿ ಒಬ್ಬಳೇ ಇರುವ ಸೂಲಗಿತ್ತಿಗೆ, ಬಸುರಿಯನ್ನು ದೊಡ್ಡಾಸ್ಪತ್ರೆಗೆ ಯಾವಾಗ ಸಾಗಿಸಬೇಕೆಂದು ತಿಳಿಯಲಿ ಎಂಬುದು ಅದರ ಉದ್ದೇಶ. ಮಗು ತೊಟ್ಟಿಲು ಸೇರಿದ ಮೇಲೆ ಬರೆದ ನಕ್ಷೆಯಲ್ಲಿ ಆ ಎಚ್ಚರಿಕೆಯ ಗೆರೆ ಯಾರನ್ನು ಎಚ್ಚರಿಸುತ್ತದೆ? ಆಡಿಟ್‌ನವರನ್ನು ಇರಬಹುದು. ಅವರೂ ಎಚ್ಚರಾಗುವುದಿಲ್ಲ, ಏಕೆಂದರೆ ಹಾಗೆ ಬರೆದ ನಕ್ಷೆಯಲ್ಲಿ ಯಾವ ಗರ್ಭಕಂಠವೂ ಗೆರೆ ದಾಟುವುದೇ ಇಲ್ಲ. ಗಂಟೆಗೆ ಒಂದು ಸೆಂಟಿಮೀಟರಿನಂತೆ, ಸ್ಕೇಲಿಟ್ಟು ಎಳೆದ ಹಾಗೆ ಏರುತ್ತದೆ. ಸ್ಕೇಲಿಟ್ಟೇ ಎಳೆದದ್ದಲ್ಲವೇ.

ಇದೇನೂ ಕಾಸರಗೋಡಿನ ಸ್ವಂತ ಆವಿಷ್ಕಾರವಲ್ಲ. ಏಷ್ಯಾ, ಆಫ್ರಿಕಾಗಳ ಎಷ್ಟೋ ಅಧ್ಯಯನಗಳು ಈ ‘ಹೆತ್ತ ಮೇಲೆ ಬರೆ’ ಪದ್ಧತಿಯನ್ನು ದಾಖಲಿಸಿವೆ. ಇದರ ನಡುವೆ ವಿಶ್ವ ಆರೋಗ್ಯ ಸಂಸ್ಥೆಯವರು 2018ರಲ್ಲಿ ತಣ್ಣಗೆ ಒಂದು ಮಾತು ಹೇಳಿಬಿಟ್ಟರು: ಗಂಟೆಗೊಂದು ಸೆಂಟಿಮೀಟರ್ ಎಂಬ ಲೆಕ್ಕ ಎಲ್ಲ ಹೆಂಗಸರಿಗೂ ಹೊಂದುವುದಿಲ್ಲ, ನಿಧಾನವಾದರೂ ಸಹಜವಾಗಿ ಹೆರುವವರಿದ್ದಾರೆ, ಹೆರಿಗೆ ವೇಗ ಹಿಡಿಯುವ ಚುರುಕಿನ ಹಂತವನ್ನು ಐದು ಸೆಂಟಿಮೀಟರಿನಿಂದ ಎಣಿಸಿ. 2020ರಲ್ಲಿ ಹೊಸ ನಮೂನೆಯ ನಕ್ಷೆಯೂ ಬಂತು. ವಿಜ್ಞಾನ ತನ್ನ ಮಾತನ್ನು ತಿದ್ದಿಕೊಂಡಿತು. ಕಾಗದದ ಗರ್ಭಾಶಯ ಮಾತ್ರ ಸರಕಾರಿ ನೌಕರನಂತೆ ಹಳೆಯ ಸುತ್ತೋಲೆಗೇ ನಿಷ್ಠ.

ಸಿಸ್ಟರನ್ನು ಬೈಯುವುದು ಸುಲಭ, ಅದಕ್ಕೇ ಎಲ್ಲರೂ ಬೈಯುತ್ತಾರೆ. ಎರಡು ಮೇಜಿನ ಮೇಲೆ ಇಬ್ಬರು ನರಳುತ್ತಿರುವಾಗ, ವಾರ್ಡಿನಿಂದ ಮೂರನೆಯವಳ ಕಡೆಯವರು ಕೂಗುತ್ತಿರುವಾಗ, ಅವಳಿಗಿರುವ ಕೈ ಎರಡೇ. ಅವುಗಳಲ್ಲಿ ಒಂದು ಪೆನ್ನು ಹಿಡಿಯಬೇಕೆಂಬುದು ಇಲಾಖೆಯ ಆಸೆ. ಎರಡೂ ಪೆನ್ನು ಹಿಡಿದರೆ ಇನ್ನೂ ಒಳ್ಳೆಯದು.

ಕೊರತೆ ಕೈಯದ್ದಾದರೂ ಇಲಾಖೆ ಕೊಡುವ ಮದ್ದು ತರಬೇತಿ. ತರಬೇತಿಯ ಮೇಲೂ ಸಂಶೋಧನೆ ನಡೆದಿದೆ, ಅದರ ಕತೆ ಸ್ವಾರಸ್ಯದ್ದು. ಸುರಕ್ಷಿತ ಹೆರಿಗೆಗೆಂದು ವಿಶ್ವ ಆರೋಗ್ಯ ಸಂಸ್ಥೆ 29 ಅಂಶಗಳ ಒಂದು ಪಟ್ಟಿ ಮಾಡಿತು. ಮೊದಲು ಪ್ರಯೋಗಿಸಿದ ಜಾಗಗಳಲ್ಲಿ ಬೆಳಗಾವಿ ಜಿಲ್ಲೆಯ ಗೋಕಾಕವೂ ಒಂದು. ಅಲ್ಲಿ ಪಟ್ಟಿ ಬರುವ ಮೊದಲು ಒಂದು ಹೆರಿಗೆಗೆ 29ರಲ್ಲಿ ಸರಾಸರಿ 10 ಕೆಲಸ ಆಗುತ್ತಿದ್ದದ್ದು, ಬಂದ ಮೇಲೆ 25 ಆಯಿತು. ಎಲ್ಲರೂ ಕುಣಿದರು. ಆಮೇಲೆ ಉತ್ತರ ಪ್ರದೇಶದ 120 ಆಸ್ಪತ್ರೆಗಳಲ್ಲಿ, ಒಂದೂವರೆ ಲಕ್ಷಕ್ಕೂ ಹೆಚ್ಚು ಬಾಣಂತಿಯರನ್ನು ಸೇರಿಸಿಕೊಂಡು ದೊಡ್ಡ ಪರೀಕ್ಷೆ ನಡೆಯಿತು. ಪಕ್ಕದಲ್ಲಿ ನಿಂತು ಹೇಳಿಕೊಡುವವರು ಬರುತ್ತಿದ್ದಷ್ಟು ದಿನ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಕೆಲಸ ಸರಿಯಾಗಿ ಆದವು. ಅವರು ಬ್ಯಾಗು ಹೆಗಲಿಗೇರಿಸಿ ಹೋದ ಮೇಲೆ ಅರುವತ್ತರ ಆಸುಪಾಸಿಗೆ ಇಳಿದವು. ಸಾಯುವ ತಾಯಂದಿರ, ಕೂಸುಗಳ ಲೆಕ್ಕದಲ್ಲಿ ಗುರುತಿಸುವಂಥ ವ್ಯತ್ಯಾಸವೇ ಕಾಣಲಿಲ್ಲ. 2017ರಲ್ಲಿ ಇದು ಅಚ್ಚಾಯಿತು. ಅಂದರೆ ಪಟ್ಟಿಗೆ ನೆನಪಿಸುವುದು ಗೊತ್ತು, ಜನ, ಮದ್ದು, ರಕ್ತ, ಆಂಬುಲೆನ್ಸ್ ತಂದುಕೊಡುವುದು ಗೊತ್ತಿಲ್ಲ. ಇಷ್ಟು ಓದಿದ ಮೇಲೆ ಯಾವ ಜಿಲ್ಲಾ ಮಟ್ಟದ ಸಭೆಯಾದರೂ ಏನು ನಿರ್ಣಯಿಸುತ್ತದೆ ಎಂದು ನಿಮಗೆ ಗೊತ್ತೇ ಇದೆ. ಇನ್ನೊಂದು ಪಟ್ಟಿ.

ಈಗಿನ ತರಬೇತಿಯಲ್ಲಿ ಗೊಂಬೆಗಳುಂಟು. ಕೃತಕ ಹೊಟ್ಟೆ, ಅದರೊಳಗೆ ಪ್ಲಾಸ್ಟಿಕ್ ಕೂಸು, ರಕ್ತದ ಬದಲು ಕೆಂಪು ನೀರು. ನಗಬೇಡಿ, ಅದರಲ್ಲಿ ಕಲಿಯುವುದು ಬಹಳ ಉಂಟು. ಹುಟ್ಟಿದ ಕೂಸು ಉಸಿರಾಡದಿದ್ದರೆ ಮೊದಲ ನಿಮಿಷದೊಳಗೆ ಉಸಿರು ತುಂಬುವ ಬ್ಯಾಗು-ಮಾಸ್ಕು ಹಿಡಿಯುವುದು ಕೈಗೆ ರೂಢಿಯಾಗಬೇಕು, ಅದನ್ನು ನಿಜವಾದ ಕೂಸಿನ ಮೇಲೆ ಅಭ್ಯಾಸ ಮಾಡಲಾಗದು. ಗೊಂಬೆಗಿರುವ ದೊಡ್ಡ ಗುಣ ಬೇರೆಯೇ. ಅದಕ್ಕೆ ಮಾತೃಭಾಷೆ ಇಲ್ಲ.

ವೇದಿಕೆ ಹತ್ತಿದವರೆಲ್ಲ ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿ ಎನ್ನುತ್ತಾರೆ. ಲೇಬರ್ ರೂಮಿನ ಬಾಗಿಲು ದಾಟಿದೊಡನೆ ಏಳರಲ್ಲಿ ಆರು ಚಪ್ಪಲಿಯ ಜೊತೆ ಹೊರಗೆ ಉಳಿಯುತ್ತವೆ. ಎಣ್ಮಕಜೆಯ ಒಳಗಿನಿಂದಲೋ ಬೆಳ್ಳೂರಿನ ಗುಡ್ಡದಿಂದಲೋ ಬಂದ ಹುಡುಗಿ ಮೇಜಿನ ಮೇಲಿದ್ದಾಳೆ. ತೆಂಕಣ ಜಿಲ್ಲೆಯಿಂದ ವರ್ಗವಾಗಿ ಬಂದ, ವಾಪಸು ವರ್ಗಕ್ಕೆ ಅರ್ಜಿ ಹಾಕಿರುವ ಸಿಸ್ಟರ್ ಮಲಯಾಳದಲ್ಲಿ ಕೇಳುತ್ತಾರೆ: ತಲೆನೋವುಂಟಾ, ಕಣ್ಣು ಮಂಜಾಗುತ್ತದಾ, ಎದೆಯ ಕೆಳಗೆ ನೋವಾ? ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಕಲಿತವಳಿಗೆ ಅರ್ಧ ಅರ್ಥವಾಗುತ್ತದೆ. ಉಳಿದರ್ಧಕ್ಕೆ ಅವಳು ತಲೆಯಾಡಿಸುತ್ತಾಳೆ. ಹೌದೆಂದು ಆಡಿಸಿದಳೋ ಅಲ್ಲವೆಂದೋ ದೇವರಿಗೇ ಗೊತ್ತು. ಕಾಗದದಲ್ಲಿ ‘ಇಲ್ಲ’ ಎಂದು ದಾಖಲಾಗುತ್ತದೆ. ಬಿಪಿ ಏರಿ ಫಿಟ್ಸ್ ಬರುವುದನ್ನು ಮ್ಯಾಗ್ನೀಸಿಯಂ ಸಲ್ಫೇಟ್ ಎಂಬ ಅಗ್ಗದ ಇಂಜೆಕ್ಷನ್ ಅರ್ಧಕ್ಕಿಂತ ಹೆಚ್ಚು ತಗ್ಗಿಸುತ್ತದೆಂದು 33 ದೇಶಗಳ ಹತ್ತು ಸಾವಿರ ಹೆಂಗಸರ ಮೇಲೆ ನಡೆದ ಅಧ್ಯಯನ 2002ರಲ್ಲೇ ತೋರಿಸಿದೆ. ಸೀಸೆ ಕಪಾಟಿನಲ್ಲಿ ಉಂಟು. ಅದನ್ನು ತೆಗೆಯಬೇಕೋ ಬೇಡವೋ ಎಂದು ತೀರ್ಮಾನಿಸಲು ಬಿಪಿ ಯಂತ್ರದ ಜೊತೆ ಈ ಪ್ರಶ್ನೆಗಳ ಉತ್ತರವೂ ಬೇಕಲ್ಲ.

ಹಾಗೆಂದು ನಮಗೆ ಹಕ್ಕಿಲ್ಲ ಎನ್ನಬಾರದು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಇಲ್ಲಿನ ಕನ್ನಡಿಗರು ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಆದ್ದರಿಂದ ನೋವು ಶುರುವಾದವಳು ಗಾಬರಿಯಾಗುವ ಅಗತ್ಯವಿಲ್ಲ. ‘ಮಾನ್ಯರೇ, ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ನನಗೆ ಕಣ್ಣು ಮಂಜಾಗುತ್ತಿದೆ’ ಎಂದು ಒಂದು ಅರ್ಜಿ ಬರೆದು ಕೊಡಲಿ. ಕೂಸು ಅಂಗನವಾಡಿಗೆ ಹೋಗುವ ಹೊತ್ತಿಗೆ ಶುದ್ಧ ಕನ್ನಡದಲ್ಲಿ ಉತ್ತರ ಬರುತ್ತದೆ.

ಕೇರಳವನ್ನು ಹಳಿಯುವುದಕ್ಕೂ ನಾಲಿಗೆ ಏಳುವುದಿಲ್ಲ. 2018–20ರ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ಇಡೀ ದೇಶದಲ್ಲಿ 97 ತಾಯಂದಿರು ತೀರಿಹೋದರೆ ಇಲ್ಲಿ 19. ಇಲ್ಲಿನ ಹೆರಿಗೆ ಡಾಕ್ಟರುಗಳ ಸಂಘ 2004ರಿಂದ ಒಂದೊಂದು ತಾಯಿಯ ಸಾವಿನ ಕಡತವನ್ನೂ ಹೆಸರು ಮರೆಮಾಚಿ, ಯಾರನ್ನೂ ದೂರದೆ, ಎಲ್ಲಿ ತಪ್ಪಿತು ಎಂದು ಕೂತು ಓದುತ್ತಿದೆ. ದೇಶದಲ್ಲಿ ಬೇರೆಯವರು ಇದನ್ನು ನೋಡಿ ಕಲಿಯಬೇಕು. ತೀರಿಹೋದವಳ ಕಡತವನ್ನು ಇಷ್ಟು ಶ್ರದ್ಧೆಯಿಂದ ಓದುವ ರಾಜ್ಯ, ಉಸಿರಾಡುತ್ತಿರುವವಳು ಹೇಳುವುದನ್ನು ಕೇಳಲು ಒಬ್ಬ ದುಭಾಷಿಯನ್ನಾದರೂ ನೇಮಿಸಬಹುದಿತ್ತು ಎಂಬುದಷ್ಟೇ ನನ್ನ ಹೊಟ್ಟೆಕಿಚ್ಚು.

ಕೈಯಲ್ಲಿ ಕಾಸಿದ್ದವರು ಮಾತು ಅರ್ಥವಾಗುವ ಕಡೆ, ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋಗಿ ಹೆರುತ್ತಾರೆ. 2020ರ ಮಾರ್ಚಿನಲ್ಲಿ ಕೋವಿಡ್ ಎಂದು ಕರ್ನಾಟಕದವರು ಆ ದಾರಿಗೂ ಮಣ್ಣು ಸುರಿದರು, ಅಕ್ಷರಶಃ. ಗಡಿಯಲ್ಲಿ ತಡೆದು ಹಿಂದೆ ಕಳುಹಿಸಿದ್ದರಿಂದ ಬಿಹಾರ ಮೂಲದ ಒಬ್ಬಾಕೆ ಆಂಬುಲೆನ್ಸಿನಲ್ಲೇ ಹೆತ್ತಳು. ಕನ್ನಡಾಂಬೆಯ ಮಡಿಲು ಆಗ ಕ್ವಾರಂಟೈನಿನಲ್ಲಿತ್ತು. ನಮ್ಮದೇ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರ ನವೆಂಬರಿನಲ್ಲಿ. ಕೋವಿಡ್ ಬಂದದ್ದರಿಂದ 2020ರ ಏಪ್ರಿಲಿನಲ್ಲಿ ಅವಸರ ಅವಸರವಾಗಿ ಬಾಗಿಲು ತೆರೆಯಿತು. ಆನೆ ಗರ್ಭ ಹೊರುವುದು 22 ತಿಂಗಳು. ಆ ಲೆಕ್ಕದಲ್ಲಿ ಅಷ್ಟರೊಳಗೆ ಆನೆ ಮೂರು ಹೆತ್ತು ನಾಲ್ಕನೆಯದಕ್ಕೆ ಬಸುರಿಯಾಗಿರುತ್ತಿತ್ತು.

ಇರಲಿ, ಖರ್ಚಿಲ್ಲದ ಸಂಶೋಧನೆಯೊಂದು ಉಂಟು. ಹೆರುವವಳ ಪಕ್ಕದಲ್ಲಿ ಒಬ್ಬರು ಬಿಡದೆ ಕೂತು, ಕೈ ಹಿಡಿದು, ಬೆನ್ನು ತಿಕ್ಕಿ, ಮಾತಾಡಿಸುತ್ತಿದ್ದರೆ ಏನಾಗುತ್ತದೆ ಎಂದು ಹಲವು ದೇಶಗಳಲ್ಲಿ, ಹದಿನೈದು ಸಾವಿರಕ್ಕೂ ಹೆಚ್ಚು ಹೆಂಗಸರಲ್ಲಿ ನೋಡಿದ್ದಾರೆ. ಸಹಜ ಹೆರಿಗೆ ಹೆಚ್ಚುತ್ತದೆ, ಸಿಸೇರಿಯನ್ ಇಳಿಯುತ್ತದೆ, ನೋವಿನ ಹೊತ್ತು ಮೊಟಕಾಗುತ್ತದೆ. ಹೆರಿಗೆ ಸಂಗಾತಿಯನ್ನು ಒಳಗೆ ಬಿಡಿ ಎಂದು ಕೇಂದ್ರವೂ ಹೇಳಿಯಾಗಿದೆ. 2018ರ ಸೂಲಗಿತ್ತಿ ಸೇವೆಯ ಮಾರ್ಗಸೂಚಿಯಲ್ಲಿ ನರ್ಸುಗಳಿಗೆ ಹದಿನೆಂಟು ತಿಂಗಳ ತರಬೇತಿ ಕೊಟ್ಟು ಸಹಜ ಹೆರಿಗೆಯನ್ನು ಅವರ ಕೈಗೇ ಒಪ್ಪಿಸುವ ಯೋಜನೆ ಇದೆ. ಅದರ ಜೀವಾಳವೂ ಇದೇ, ಬಿಟ್ಟುಹೋಗದೆ ಜೊತೆಗಿರುವುದು.

ಜೊತೆಗಿರಬಲ್ಲವರು ಇದ್ದಾರೆ. ಲೇಬರ್ ರೂಮಿನ ಹೊರಗೆ ಬೆಂಚಿನ ಮೇಲೆ ಹುಡುಗಿಯ ಅಮ್ಮ, ಪಕ್ಕದಲ್ಲಿ ದೊಡ್ಡಮ್ಮ, ಮಧ್ಯೆ ಬಿಸಿನೀರಿನ ಫ್ಲಾಸ್ಕು. ಇಬ್ಬರ ನಡುವೆ ನಾಲ್ಕು ಭಾಷೆ, ಏಳೆಂಟು ಹೆರಿಗೆಯ ಅನುಭವ.

“ಸಿಸ್ಟರೇ, ನಾನು ಅವಳ ಹತ್ತಿರ ಸ್ವಲ್ಪ ನಿಂತುಕೊಳ್ಳಲಾ?”

“ಆಗುವುದಿಲ್ಲ ಅಮ್ಮ, ಇನ್ಫೆಕ್ಷನ್ ಆಗುತ್ತದೆ.”

ಅಷ್ಟರಲ್ಲಿ ಗುಣಮಟ್ಟ ಪರಿಶೀಲನಾ ತಂಡ ಬರುತ್ತದೆ. ಆರು ಜನ, ಜೊತೆಗೆ ಫೋಟೊ ತೆಗೆಯುವವನೊಬ್ಬ. ಇವರಿಂದ ಇನ್ಫೆಕ್ಷನ್ ಆಗುವುದಿಲ್ಲ, ಟಿಎ ಬಿಲ್ಲಿನಲ್ಲಿ ಅದಕ್ಕೆ ಕಾಲಂ ಇಲ್ಲ. ‘ಹೆರಿಗೆ ಸಂಗಾತಿಗೆ ಅವಕಾಶವಿದೆಯೇ?’ ಎಂಬ ಪ್ರಶ್ನೆಯ ಮುಂದೆ ಅವರು ಸರಿ ಗುರುತು ಹಾಕುತ್ತಾರೆ. ಆಧಾರವೂ ಉಂಟು, ಆ ಕುರಿತು ಗೋಡೆಯಲ್ಲಿ ಚಂದದ ಪೋಸ್ಟರ್ ಅಂಟಿಸಿದೆ, ಮಲಯಾಳದಲ್ಲಿ.

ಮುಂದಿನ ಕ್ರಮವೇನೆಂದು ನಾನೇ ಊಹಿಸಿ ಹೇಳುತ್ತೇನೆ. ‘ಗೌರವಯುತ ಹೆರಿಗೆ ಆರೈಕೆಯಲ್ಲಿ ಸಂವಹನದ ಮಹತ್ವ’ ಎಂದೊಂದು ಕಾರ್ಯಾಗಾರ. ಉಪನ್ಯಾಸ ಇಂಗ್ಲಿಷಿನಲ್ಲಿ, ಸ್ವಾಗತ ಮಲಯಾಳದಲ್ಲಿ, ಪ್ರಾರ್ಥನೆ ಕನ್ನಡದಲ್ಲಿ. ಡ್ಯೂಟಿಯ ಸಿಸ್ಟರುಗಳೆಲ್ಲ ಕಡ್ಡಾಯವಾಗಿ ಬರಬೇಕಾದ್ದರಿಂದ ಅಂದಿನ ಹೆರಿಗೆಗಳನ್ನು ಸಾಧ್ಯವಾದಷ್ಟು ಮುಂದೂಡಲು ಕೋರಲಾಗುವುದು. ಹೊರಗೆ ಕಾಯುವ ತಾಯಂದಿರನ್ನೂ ಕರೆದರೆ ಹೇಗೆ ಎಂದು ಯಾವನೋ ಹೊಸ ಹುಡುಗ ಸಭೆಯಲ್ಲಿ ಕೇಳುತ್ತಾನೆ. ದೀರ್ಘ ಚರ್ಚೆ ನಡೆಯುತ್ತದೆ. ಸಭಾಂಗಣದಲ್ಲಿ ಕುರ್ಚಿ ಸಾಲದೆಂದು ಯಾರೋ ನೆನಪಿಸುತ್ತಾರೆ. ಕೊನೆಗೆ ಲೇಬರ್ ರೂಮಿನ ಹೊರಗಿನಿಂದ ತರಿಸಲು ಸರ್ವಾನುಮತದ ತೀರ್ಮಾನವಾಗುತ್ತದೆ, ಬೆಂಚನ್ನು.