ಇಲ್ಲಿ ಏನಾದ್ರೂ ಸಾಧನೆ ಹಾಕು

ನಮ್ಮ ಆಫೀಸಿನಲ್ಲಿ ವರ್ಷಕ್ಕೊಮ್ಮೆ ಒಂದು ಫಾರಂ ಬರುತ್ತದೆ. ನಮ್ಮ ಬಗ್ಗೆ ನಾವೇ ಬರೆದುಕೊಳ್ಳಬೇಕು. ಈ ವರ್ಷ ಏನು ಸಾಧಿಸಿದಿರಿ, ಏನು ಕಲಿತಿರಿ, ಎಲ್ಲಿ ಸುಧಾರಿಸಬೇಕು. ಮೂರೇ ಪ್ರಶ್ನೆ. ಪಕ್ಕದ ಸೀಟಿನವರ ಬಗ್ಗೆ ಕೇಳಿದ್ದರೆ ಮೂರಕ್ಕೂ ಪುಟಗಟ್ಟಲೆ ಬರೆಯುತ್ತಿದ್ದೆ. ನನ್ನ ಬಗ್ಗೆ ಅಂದಕೂಡಲೇ ಬೆರಳು ಮರಗಟ್ಟುತ್ತವೆ.

ಅದಕ್ಕೆ ನನ್ನ ಹತ್ತಿರ ಒಂದು ಉಪಾಯ ಇತ್ತು. ಹಿಂದಿನ ವರ್ಷದ ಫಾರಂ ತೆಗೆಯುವುದು, ಇಸವಿ ಬದಲಾಯಿಸುವುದು, ಅಲ್ಲಲ್ಲಿ ‘ಇನ್ನಷ್ಟು’ ಅಂತ ಸೇರಿಸುವುದು. ‘ತಂಡದ ಜೊತೆ ಚೆನ್ನಾಗಿ ಕೆಲಸ ಮಾಡಿದೆ’ ಅನ್ನುವುದು ‘ತಂಡದ ಜೊತೆ ಇನ್ನಷ್ಟು ಚೆನ್ನಾಗಿ ಕೆಲಸ ಮಾಡಿದೆ’ ಆಗುತ್ತದೆ. ಹತ್ತು ನಿಮಿಷದಲ್ಲಿ ಒಂದು ವರ್ಷದ ಬೆಳವಣಿಗೆ. ಯಾರಿಗೂ ನೋವಿಲ್ಲ.

ಈ ಸಲವೂ ಹಾಗೇ ಮಾಡಿದೆ. ಗಡುವು ಸಂಜೆ 5 ಗಂಟೆಗೆ. ನಾನು ಕಳಿಸಿದ್ದು 4:58ಕ್ಕೆ. ಎರಡು ನಿಮಿಷ ಮುಂಚೆಯೇ ಕಳಿಸಿದ ಖುಷಿಗೆ ಅವತ್ತು ಬೇಗ ಮನೆಗೆ ಹೊರಟೆ.

ಎರಡು ದಿನ ಬಿಟ್ಟು ಮ್ಯಾನೇಜರ್ ಕರೆದರು. ಮಾತಾಡದೆ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. ‘ಮುಖ್ಯ ಸಾಧನೆ’ ಅನ್ನುವ ಚೌಕದಲ್ಲಿ ಹೀಗಿತ್ತು:

‘ಇಲ್ಲಿ ಏನಾದ್ರೂ ಸಾಧನೆ ಹಾಕು. ನಂಬೋ ಹಾಗಿರ್ಲಿ.’

ಅದು ನನಗೆ ನಾನೇ ಬರೆದುಕೊಂಡದ್ದು. ಆಮೇಲೆ ತುಂಬೋಣ ಅಂತ ಬಿಟ್ಟಿದ್ದೆ.

“ಇದು ನಂಗೆ ಹೇಳಿದ್ದಾ?” ಅಂದರು.

ನಾನು ನಕ್ಕೆ. ಅವರು ನಗಲಿಲ್ಲ. ಕೆಳಗೆ ಸರಿಸಿದರು. ‘ಸುಧಾರಿಸಬೇಕಾದ ಅಂಶ: ಸಣ್ಣಪುಟ್ಟ ವಿವಾರಗಳ ಕಡೆ ಇನ್ನಷ್ಟು ಗಮನ.’ ವಿವರಕ್ಕೆ ಒಂದು ದೀರ್ಘ ಜಾಸ್ತಿ ಬಿದ್ದಿತ್ತು. ಮೂರು ವರ್ಷದಿಂದ ಬಿದ್ದೇ ಇತ್ತು. ಮೂರೂ ಫಾರಂಗಳನ್ನು ಪಕ್ಕಪಕ್ಕ ತೆರೆದು ತೋರಿಸಿದರು. ನನ್ನ ಮೂರು ವರ್ಷಗಳು ತ್ರಿವಳಿ ಮಕ್ಕಳ ಹಾಗೆ ಸಾಲಾಗಿ ಕೂತು ನನ್ನನ್ನೇ ನೋಡುತ್ತಿದ್ದವು.

ಬೈದಿದ್ದರೆ ಎಷ್ಟೋ ವಾಸಿ. ಬೈಯಲಿಲ್ಲ. “ಸಾಧನೆ ಗೀಧನೆ ಬಿಡಿ. ಈ ವರ್ಷ ನಿಜವಾಗ್ಲೂ ಕಲಿತದ್ದು ಒಂದೇ ಒಂದು ಬರೀರಿ. 31ರೊಳಗೆ ಕೊಡಿ, ಸಾಕು” ಅಂದರು. ಎಷ್ಟು ಮೃದುವಾಗಿ ಅಂದರೆ, ವಾಪಸ್ ಸೀಟಿಗೆ ಬರುವಷ್ಟರಲ್ಲಿ ನನ್ನ ಮೇಲೆ ನನಗೇ ಕನಿಕರ ಬಂತು.

ಒಂದೇ ಒಂದು ತಾನೇ? ರಾತ್ರಿ ಕೂತು ಯೋಚಿಸಿದೆ. ಏನೂ ಹೊಳೆಯಲಿಲ್ಲ. ನನ್ನ ನೆನಪು ಒಳ್ಳೆಯ ವಕೀಲನ ಥರ. ಸೋತ ಕೇಸುಗಳನ್ನೆಲ್ಲ ಯಾವತ್ತೋ ಫೈಲಿನಿಂದಲೇ ತೆಗೆದು ಬಿಸಾಕಿರುತ್ತಾನೆ. ಅವನನ್ನು ನಂಬಿದರೆ ಆಗದು, ದಾಖಲೆಯೇ ಬೇಕು ಅಂತ ಡೈರಿ ತೆಗೆದೆ.

ಜನವರಿ 1ರ ಪುಟ ನೋಡಿದರೆ ಯಾರಿಗಾದರೂ ಗೌರವ ಬರಬೇಕು. ಮುತ್ತಿನಂಥ ಅಕ್ಷರ. ‘ಇಂದಿನಿಂದ ದಿನವೂ ಬರೆಯುವುದು.’ ಅಡಿಯಲ್ಲಿ ಸ್ಕೇಲ್ ಇಟ್ಟು ಎರಡು ಗೆರೆ. ಜನವರಿ 2: ‘ಬೆಳಿಗ್ಗೆ 5ಕ್ಕೆ ಎದ್ದೆ.’ ಜನವರಿ 3: ‘5ಕ್ಕೆ ಎಚ್ಚರವಾಯಿತು. ಬಚ್ಚಲಿನ ನಲ್ಲಿ ಸೋರುತ್ತಿದೆ, ಸರಿ ಮಾಡಬೇಕು.’ ಎದ್ದೆನೋ ಇಲ್ಲವೋ ಅನ್ನುವುದನ್ನು ಜಾಣತನದಿಂದ ಬಿಟ್ಟಿದ್ದೇನೆ. ಜನವರಿ 9: ‘ನಿನ್ನೆಯ ಹಾಗೇ.’ ಜನವರಿ 10ರಂದು ಅದನ್ನೂ ಬರೆಯದೆ ಎರಡು ಚುಕ್ಕಿ ಹಾಕಿದ್ದೇನೆ. ಅಲ್ಲಿಂದಾಚೆ ಪುಟಗಳು ಖಾಲಿ. ಮಧ್ಯೆ ಒಂದು ಕಡೆ ಪೆನ್ನು ಬರೆಯುತ್ತದಾ ಅಂತ ಸುರುಳಿ ಸುತ್ತಿ ನೋಡಿದ್ದು. ಮಾರ್ಚ್ 14ರ ಪುಟದಲ್ಲಿ ಒಂದು ಫೋನ್ ನಂಬರು. ಹೆಸರಿಲ್ಲ.

ಯಾರದ್ದಿರಬಹುದು? ಇಷ್ಟು ಜೋಪಾನವಾಗಿ, ಸುತ್ತ ಚೌಕ ಹಾಕಿ ಬರೆದಿದ್ದೇನೆ ಅಂದರೆ ಏನೋ ದೊಡ್ಡ ವಿಷಯವೇ ಇರಬೇಕು. ನನ್ನ ವರ್ಷದ ಸಾಧನೆ ಇದೇ ನಂಬರಿನ ಹಿಂದೆ ಅಡಗಿದ್ದರೆ? ಫೋನ್ ಮಾಡಿದೆ.

“ಹಲೋ, ಯಾರು?” ಅಂದೆ.

“ಫೋನ್ ಮಾಡಿದ್ದು ನೀವು. ನೀವ್ಯಾರು?”

ಹೆಸರು ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. “ಓ, ಬಚ್ಚಲ ನಲ್ಲಿ! ಇವತ್ತೇ ಫೋನ್ ಮಾಡ್ತೀನಿ ಅಂದಿದ್ರಲ್ಲ ಸಾರ್ ಮಾರ್ಚಲ್ಲಿ” ಅಂದ ಆತ. ಪ್ಲಂಬರ್. ಈಗ ಊರಲ್ಲಿಲ್ಲವಂತೆ, ಬರುವುದು ಜನವರಿ ಎರಡನೇ ವಾರ. “ಇಷ್ಟು ದಿನ ತಡ್ಕೊಂಡಿದೀರ, ಇನ್ನೊಂದು ಹದಿನೈದು ದಿನ ತಾನೆ” ಅಂದು ಇಟ್ಟ.

ಬ್ಲೂಮಾ ಝೈಗಾರ್ನಿಕ್ ಅಂತ ಒಬ್ಬ ಮನಃಶಾಸ್ತ್ರಜ್ಞೆ ಇದ್ದರು. ಅವರು 1927ರಲ್ಲಿ ಪ್ರಕಟಿಸಿದ ಪ್ರಯೋಗದ ಪ್ರಕಾರ, ಮುಗಿಸಿದ ಕೆಲಸಕ್ಕಿಂತ ಅರ್ಧಕ್ಕೇ ನಿಂತ ಕೆಲಸ ನಮ್ಮ ನೆನಪಿನಲ್ಲಿ ಚೆನ್ನಾಗಿ ಕೂರುತ್ತದೆ. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಎಲ್ಲ ಸಲವೂ ಹಾಗೇ ಬರಲಿಲ್ಲ. ಅವರು ನನ್ನಂಥವರ ಮೇಲೆ ಪ್ರಯೋಗ ಮಾಡಿರಬೇಕು. ನಾನು ಆ ನಲ್ಲಿಯ ಕೆಳಗೆ ಒಂದು ಬಕೆಟ್ ಇಟ್ಟಿದ್ದೆ. ರಾತ್ರಿಗೆ ಅರ್ಧ ತುಂಬುತ್ತಿತ್ತು. ಬೆಳಿಗ್ಗೆ ಎದ್ದು ಪಕ್ಕಕ್ಕೆ ಸುರಿದು ಮತ್ತೆ ಅಲ್ಲೇ ಇಡುತ್ತಿದ್ದೆ. ಬಕೆಟ್ ಇಟ್ಟ ದಿನದಿಂದ ನಲ್ಲಿ ಸೋರುತ್ತಿದೆ ಅನ್ನುವುದೇ ತಲೆಯಿಂದ ಹೋಯಿತು. ಆಫೀಸಿನಲ್ಲಾದರೆ ಇದಕ್ಕೆ ಪ್ರೊಸೆಸ್ ಅನ್ನುತ್ತಾರೆ.

ಡೈರಿ ಕೈಕೊಟ್ಟಿತು, ಇನ್ನು ಫೋನು. ಗ್ಯಾಲರಿ ತೆರೆದೆ. ಮನೆಯವರ ಫೋಟೊಗಿಂತ ಸ್ಕ್ರೀನ್‌ಶಾಟ್‌ಗಳೇ ಜಾಸ್ತಿ. ‘ಸಮಯ ಉಳಿಸುವ ದಾರಿಗಳು’ ಅಂತ ಮೂರು ತಿಂಗಳಲ್ಲಿ ನಾಲ್ಕು ಸಲ ಒಂದನ್ನೇ ಹಿಡಿದಿಟ್ಟಿದ್ದೇನೆ. ಗಾಡಿ ನಿಲ್ಲಿಸಿದ ಜಾಗ ಮರೆಯಬಾರದು ಅಂತ ತೆಗೆದ ಕಂಬದ ಫೋಟೊಗಳು ಹನ್ನೊಂದು. ಜೇಬಿನೊಳಗೆ ತಾನಾಗಿ ಬಿದ್ದ ಕತ್ತಲೆಯ ಫೋಟೊಗಳು ಕೆಲವು. ಮೀಟಿಂಗಿನ ಬೋರ್ಡಿನ ಫೋಟೊಗಳಂತೂ ಲೆಕ್ಕವಿಲ್ಲ. ಒಂದನ್ನು ದೊಡ್ಡದು ಮಾಡಿ ನೋಡಿದೆ. ಬಾಣದ ಗುರುತುಗಳು, ವೃತ್ತಗಳು, ನಡುವೆ ನನ್ನ ಹೆಸರು, ಹೆಸರಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ. ಮುಚ್ಚಿದೆ.

ಆನ್‌ಲೈನ್ ಕೋರ್ಸುಗಳು ಆರು ಇದ್ದವು. ಎಲ್ಲವೂ ಆರಂಭಶೂರತನದ ಸ್ಮಾರಕಗಳು. ‘ಹಿಡಿದ ಕೆಲಸ ಮುಗಿಸುವುದು ಹೇಗೆ’ ಅನ್ನುವುದನ್ನು ಶೇ. 9ರವರೆಗೆ ನೋಡಿ ಬಿಟ್ಟಿದ್ದೆ.

ಉಳಿದದ್ದು ಒಬ್ಬರೇ ಸಾಕ್ಷಿ. ಅವರನ್ನು ಕೇಳುವ ಧೈರ್ಯ ಬಂದದ್ದು ಸೆನೆಕಾನ ದೆಸೆಯಿಂದ. ಸುಮಾರು 2,000 ವರ್ಷದ ಹಿಂದಿನ ರೋಮಿನ ತತ್ವಜ್ಞಾನಿ ಆತ. ದಿನವೂ ರಾತ್ರಿ ದೀಪ ತೆಗೆದ ಮೇಲೆ, ತನ್ನ ಅಭ್ಯಾಸ ಗೊತ್ತಿದ್ದ ಹೆಂಡತಿ ಸುಮ್ಮನಾದ ಮೇಲೆ, ಇಡೀ ದಿನವನ್ನು ತಿರುಗಿ ನೋಡುತ್ತೇನೆ ಅಂತ ಬರೆದುಕೊಂಡಿದ್ದಾನೆ. ತನಗೆ ತಾನೇ ‘ಇನ್ನು ಹಾಗೆ ಮಾಡಬೇಡ, ಈ ಸಲ ಕ್ಷಮಿಸಿದ್ದೇನೆ’ ಅಂದುಕೊಳ್ಳುತ್ತಿದ್ದನಂತೆ. ಎಷ್ಟು ಚಂದ! ತನ್ನ ಬೆನ್ನು ತನಗೆ ಕಾಣದು ಅಂತಾರಲ್ಲ, ನನ್ನ ಬೆನ್ನನ್ನು ವರ್ಷವಿಡೀ ನೋಡಿದವರನ್ನು ಕೇಳಿಯೇಬಿಡೋಣ ಅಂತ ಅವತ್ತು ರಾತ್ರಿ ಲೈಟ್ ಆರಿಸಿ ಮೆಲ್ಲಗೆ ಕೇಳಿದೆ.

“ಈ ವರ್ಷ ನಾನು ಎಲ್ಲೆಲ್ಲಿ ತಪ್ಪಿದೆ ಅನ್ಸುತ್ತೆ ನಿನಗೆ?”

ಹೆಂಡತಿ ಎದ್ದು ಲೈಟ್ ಹಾಕಿದಳು. ದಿಂಬನ್ನು ಗೋಡೆಗೆ ಒರಗಿಸಿ ನೆಟ್ಟಗೆ ಕೂತಳು.

“ತಾರೀಕಿನ ಪ್ರಕಾರ ಹೇಳ್ಲಾ, ವಿಷಯದ ಪ್ರಕಾರ ಹೇಳ್ಲಾ?”

ವಿಷಯದ ಪ್ರಕಾರ ಅಂದೆ. ಅದು ಬೇಗ ಮುಗಿಯುತ್ತೆ ಅಂದುಕೊಂಡಿದ್ದೆ. ಫೆಬ್ರವರಿಯಲ್ಲಿ ಅವಳ ಅಕ್ಕನ ಮದುವೆ ದಿನಕ್ಕೆ ಶುಭಾಶಯ ಹೇಳಲು ಫೋನ್ ಮಾಡಿ, ಅವರ ಹುಟ್ಟುಹಬ್ಬಕ್ಕೆ ಹಾರೈಸಿ ಇಟ್ಟದ್ದು. ಜೂನಿನಲ್ಲಿ ಕೊಡೆ ಮರೆತು ಬಂದದ್ದು, ಆ ಕೊಡೆ ತರಲು ಹೋಗಿ ಇನ್ನೊಂದು ಕೊಡೆ ಅಲ್ಲೇ ಬಿಟ್ಟು ಬಂದದ್ದು. ಮೈಕ್ ಆಫ್ ಆಗಿದೆ ಅಂದುಕೊಂಡು ವಿಡಿಯೊ ಮೀಟಿಂಗಿನಲ್ಲಿ ಅವಳ ಹತ್ತಿರ ಮೀಟಿಂಗಿನ ಬಗ್ಗೆಯೇ ದೂರಿದ್ದು. “ಅದು ನನ್ನ ಆಫೀಸಿನ ವಿಷಯ, ನಿನ್ನ ಪಟ್ಟಿಯಲ್ಲಿ ಯಾಕೆ?” ಅಂದೆ. “ನನ್ನ ಹೆಸರು ಹಿಡಿದು ಕೂಗಿ ಹೇಳಿದ್ರಲ್ಲ, ಹದಿನಾಲ್ಕು ಜನಕ್ಕೆ ನನ್ನ ಹೆಸರು ಗೊತ್ತಾಯ್ತು” ಅಂದಳು. ಕೊನೆಗೆ, ಬೆರಳು ಬಚ್ಚಲಿನ ಕಡೆ ತೋರಿಸಿ, “ಅದು” ಅಂದಳು. ಸುಮ್ಮನಾದೆವು. ಟಪ್. ಟಪ್.

ಸೆನೆಕಾನಿಗೆ ತನ್ನನ್ನು ಕ್ಷಮಿಸುವ ಅಧಿಕಾರ ತನ್ನ ಕೈಯಲ್ಲೇ ಇತ್ತು. ನಮ್ಮ ಮನೆಯಲ್ಲಿ ಆ ಇಲಾಖೆ ಬೇರೆಯವರದ್ದು.

ನಿದ್ದೆ ಬರಲಿಲ್ಲ. ಸಮಾಧಾನಕ್ಕೆ ಅಮೆರಿಕದ ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ನನನ್ನು ನೆನೆದೆ. ಆತ ತಾನು ಬೆಳೆಸಿಕೊಳ್ಳಬೇಕಾದ ಗುಣಗಳು 13 ಅಂತ ಪಟ್ಟಿ ಮಾಡಿದ್ದ. ವಾರಕ್ಕೊಂದರ ಮೇಲೆ ಗಮನ, 13 ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ತಪ್ಪಿದಾಗಲೆಲ್ಲ ಪುಟ್ಟ ಪುಸ್ತಕದಲ್ಲಿ ಒಂದು ಕಪ್ಪು ಚುಕ್ಕಿ. ಹೊಸ ಸುತ್ತಿಗೆ ಹಳೇ ಚುಕ್ಕಿಗಳನ್ನು ಕೆರೆದು ಕೆರೆದು ಹಾಳೆಯೆಲ್ಲ ತೂತು ಬಿತ್ತು. ಆಮೇಲೆ ಒದ್ದೆ ಸ್ಪಂಜಿನಲ್ಲಿ ಒರೆಸಬಹುದಾದ ದಂತದ ಹಾಳೆಗೆ ಬದಲಾಯಿಸಿದ. ಎಲ್ಲಕ್ಕಿಂತ ಜಾಸ್ತಿ ಕಾಟ ಕೊಟ್ಟ ಗುಣ ಯಾವುದು ಗೊತ್ತಾ? ಅಚ್ಚುಕಟ್ಟುತನ. ಸಿಡಿಲನ್ನೇ ಕಂಬಿಯಲ್ಲಿ ನೆಲಕ್ಕಿಳಿಸಿದವನಿಗೆ ತನ್ನ ಕಾಗದಪತ್ರ ಇಟ್ಟ ಕಡೆ ಇರುವ ಹಾಗೆ ನೋಡಿಕೊಳ್ಳಲು ಆಗಲಿಲ್ಲ. ಇದನ್ನು ಹೆಂಡತಿಗೆ ಹೇಳೋಣ ಅಂತ ತಿರುಗಿದೆ. ಮಲಗಿದ್ದಳು. ಫ್ರಾಂಕ್ಲಿನ್ನನ ಹೆಸರು ಹೇಳಿದ್ದರೂ ಸಿಡಿಲಿನ ಭಾಗ ಮೊದಲು ಮುಗಿಸಿ ಬನ್ನಿ ಅನ್ನುತ್ತಿದ್ದಳು, ಬಿಡಿ.

ಬೆಳಗಾಗುವಷ್ಟರಲ್ಲಿ ತೀರ್ಮಾನಿಸಿದ್ದೆ. ನಲ್ಲಿಯನ್ನು ನಾನೇ ಸರಿ ಮಾಡುತ್ತೇನೆ. ಹತ್ತು ನಿಮಿಷದ ಕೆಲಸ.

ಈ ‘ಹತ್ತು ನಿಮಿಷ’ದ ಬಗ್ಗೆ ಒಂದು ಮಾತು. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳನ್ನು ನಿಮ್ಮ ಪ್ರಬಂಧ ಮುಗಿಸಲು ಎಷ್ಟು ದಿನ ಬೇಕು ಅಂತ ಕೇಳಿದ್ದರು. ಸರಾಸರಿ 34 ದಿನ ಅಂದರು. ಎಲ್ಲವೂ ಕೆಟ್ಟು ಕೂತರೆ? ಆಗಲೂ 49 ದಿನ ಸಾಕು ಅಂದರು. ನಿಜವಾಗಿ ಹಿಡಿದದ್ದು ಸರಾಸರಿ 55 ದಿನಕ್ಕೂ ಜಾಸ್ತಿ. ಇದು ಗೊತ್ತಿದ್ದೂ ನಾನು ಹತ್ತು ನಿಮಿಷ ಅಂದೆ. ಗೊತ್ತಿರುವುದಕ್ಕೂ ಕಲಿಯುವುದಕ್ಕೂ ಸಂಬಂಧವೇ ಇಲ್ಲ ಅನ್ನುವುದಕ್ಕೆ ನಾನೇ ಜೀವಂತ ಪುರಾವೆ.

ಒಂದು ವಿಡಿಯೊ ನೋಡಿದೆ. ಒಟ್ಟು 6 ನಿಮಿಷ. ಶುರುವಿನಲ್ಲಿ ಆತ ನಮಸ್ಕಾರ ಗಿಮಸ್ಕಾರ ಹೇಳುತ್ತಿದ್ದ, ಅದನ್ನು ಹಾರಿಸಿದೆ. ವಿಷಯ ಸುಲಭ. ನಲ್ಲಿಯ ತಲೆ ತಿರುಗಿಸಿದಾಗ ಒಳಗಿನ ಕಡ್ಡಿ ಕೆಳಗಿಳಿದು, ಅದರ ತುದಿಯ ರಬ್ಬರ್ ವಾಷರ್ ನೀರಿನ ಬಾಯಿಯನ್ನು ಒತ್ತಿ ಮುಚ್ಚುತ್ತದೆ. ವಾಷರ್ ಸವೆದರೆ ಸಂದಿಯಲ್ಲಿ ನೀರು ಜಿನುಗುತ್ತದೆ. ನಾವು ಇನ್ನೂ ಗಟ್ಟಿಯಾಗಿ ತಿರುಗಿಸುತ್ತೇವೆ. ಅದು ಇನ್ನೂ ಸವೆಯುತ್ತದೆ. ವರ್ಷವಿಡೀ ನಾನು ಮಾಡಿದ್ದು ಇದನ್ನೇ.

ಸ್ಪ್ಯಾನರ್ ಹಿಡಿದೆ. ಮೊದಲ ಸುತ್ತಿಗೆ ಏನೂ ಆಗಲಿಲ್ಲ. ಎರಡನೇ ಸುತ್ತಿಗೆ ಕಿರ್ ಅಂದಿತು. ಮೂರನೇ ಸುತ್ತಿಗೆ ನಲ್ಲಿಯ ತಲೆ ನನ್ನ ಕಿವಿ ಪಕ್ಕದಿಂದ ಹಾರಿ ಹೋಗಿ ಕನ್ನಡಿಯ ಚೌಕಟ್ಟಿಗೆ ಟಣ್ ಅಂತ ಬಡಿಯಿತು, ಅದರ ಹಿಂದೆಯೇ ನೀರು. ಎದೆಗೆ, ಮುಖಕ್ಕೆ, ಸೂರಿಗೆ. ಹೆಬ್ಬೆರಳಲ್ಲಿ ಒತ್ತಿ ಹಿಡಿದೆ. ಬೆರಳಿನ ಎರಡೂ ಬದಿಯಿಂದ ಬೀಸಣಿಗೆ ಬಿಚ್ಚಿದ ಹಾಗೆ ಚಿಮ್ಮಿತು. ಬಕೆಟ್ ತೇಲಿಕೊಂಡು ಬಾಗಿಲ ಕಡೆ ಹೊರಟಿತು. ಸ್ಟೂಲ್ ಮೇಲಿಟ್ಟ ಫೋನಿನಲ್ಲಿ ವಿಡಿಯೊ ಮುಗಿದು ತಾನಾಗಿಯೇ ಮತ್ತೆ ಮೊದಲಿನಿಂದ ಶುರುವಾಯಿತು. “ನಮಸ್ಕಾರ! ಎಲ್ಲಕ್ಕಿಂತ ಮೊದಲು ಮೇನ್ ವಾಲ್ವ್ ಮುಚ್ಚಿ.”

“ಮೇನ್ ವಾಲ್ವ್ ಎಲ್ಲಿದೆ?” ಅಂತ ಕಿರುಚಿದೆ.

“ನಿಮಗೆ ಗೊತ್ತಿಲ್ವಾ?” ಅಂತ ಹೆಂಡತಿ ಕಿರುಚಿದಳು.

ಈ ಮನೆಯಲ್ಲಿ ಒಂಬತ್ತು ವರ್ಷದಿಂದ ಇದ್ದೇವೆ. ಅವಳು ಹಿತ್ತಲಿಗೆ ಓಡಿದಳು. ಮಗಳು ಅಟ್ಟದ ಕಡೆ ಓಡಿದಳು. ನಾನು ಬೆರಳು ಬಿಟ್ಟು ಎಲ್ಲೂ ಓಡುವ ಹಾಗಿರಲಿಲ್ಲ. ನಿಂತಲ್ಲೇ ಎಷ್ಟು ಹೊತ್ತಾಯಿತೋ. ಕೊನೆಗೆ ಮೆಟ್ಟಿಲ ಕೆಳಗೆ, ಹಳೇ ಚಪ್ಪಲಿಗಳ ರಾಶಿಯ ಹಿಂದೆ, ಮಗಳಿಗೆ ಸಿಕ್ಕಿತು. ಕೆಂಪು ಹಿಡಿಯ ಸಣ್ಣ ವಾಲ್ವ್. ನೀರು ನಿಂತಿತು. ಆಮೇಲೆ ವಾಷರ್ ಹಾಕಿದ್ದು ನಿಜವಾಗಿಯೂ ಹತ್ತು ನಿಮಿಷದಲ್ಲೇ. ನೆಲ ಒರೆಸಿದ್ದು ಮೂರು ಗಂಟೆ.

ರಾತ್ರಿ ಮಲಗಿದಾಗ ಮನೆ ವಿಚಿತ್ರವಾಗಿತ್ತು. ಏನೋ ಕಡಿಮೆಯಾಗಿದೆ. ಹೆಂಡತಿಗೂ ಹಾಗೇ ಅನಿಸಿರಬೇಕು. “ಸದ್ದಿಲ್ಲ ಅಲ್ವಾ?” ಅಂದಳು. ಇಬ್ಬರಿಗೂ ತುಂಬ ಹೊತ್ತು ನಿದ್ದೆ ಬರಲಿಲ್ಲ.

ಎದ್ದು ಲ್ಯಾಪ್‌ಟಾಪ್ ತೆರೆದೆ. ‘ಈ ವರ್ಷ ಕಲಿತ ಹೊಸ ವಿಷಯ’ ಅನ್ನುವ ಚೌಕದಲ್ಲಿ ಬರೆದೆ: ‘ಮೇನ್ ವಾಲ್ವ್ ಮೆಟ್ಟಿಲ ಕೆಳಗಿದೆ.’ ದೀರ್ಘ, ಒತ್ತು ಎಲ್ಲ ಎರಡೆರಡು ಸಲ ನೋಡಿ ಕಳಿಸಿದೆ.

ಮರುದಿನ ಮ್ಯಾನೇಜರಿಂದ ಉತ್ತರ ಬಂತು. ಒಂದೇ ಸಾಲು.

‘ನಮ್ಮನೇದು ಎಲ್ಲಿದೆ ಅಂತ ಈಗ ಎಲ್ಲರೂ ಹುಡುಕ್ತಾ ಇದೀವಿ.’